ಪ್ರಸಾದವೆಂದು ತಿನ್ನಿಸಿದ ಬಾಳೆಹಣ್ಣು

ರತ್ನಳ ರಕ್ತಪರೀಕ್ಷೆಯನ್ನು ಕೆಡಿಸಿದವಳು ನಾನು. ಕೆಡಿಸಿದ್ದು ಗೊತ್ತಿದ್ದೂ ಡಾಕ್ಟರ ಮುಂದೆ ಸುಳ್ಳು ಹೇಳಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳುವುದೆಲ್ಲ — ಹೇಗಾಯಿತು, ಯಾಕಾಯಿತು ಅನ್ನುವುದು — ನೆಪವಾಗದಿದ್ದರೆ ಸಾಕು.

ರತ್ನ ನನ್ನ ವಾರಗಿತ್ತಿ, ಮೈದುನ ಶಿವಣ್ಣನ ಹೆಂಡತಿ. ಕೈಲಾಂಚದ ಹತ್ತಿರ ನಮ್ಮೂರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಲ್ಲಿರುವ ರೇಷ್ಮೆ ಹುಳದ ಮನೆ ಇಬ್ಬರಿಗೂ ಸೇರಿದ್ದು.

ಹೋದ ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ನಾನು ನೆನೆಸಿದ ಅವರೆಕಾಳು ಹಿಸುಕುತ್ತಾ ಜಗಲಿಯ ಮೇಲೆ ಕೂತಿದ್ದೆ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಬಟ್ಟಲಿಗೆ ಹಾರುತ್ತದೆ. ಅದು ಒಳ್ಳೆಯ ಕೆಲಸ, ಮನಸ್ಸು ಎಲ್ಲಿಗೂ ಓಡುವುದಿಲ್ಲ. ಮಲಗುವ ಮುಂಚೆ ದಿನದ ಸಣ್ಣಪುಟ್ಟ ದಯೆಗಳನ್ನು ಎಣಿಸಿ ಸಾವನದುರ್ಗದ ನರಸಿಂಹಸ್ವಾಮಿಗೆ ಒಪ್ಪಿಸುವುದು ನನ್ನ ರೂಢಿ. ಅವತ್ತಿನ ಲೆಕ್ಕಕ್ಕೆ ಆಗಲೇ ಎರಡು ಸಿಕ್ಕಿದ್ದವು: ಕಾಳಲ್ಲಿ ಹುಳುಕಿರಲಿಲ್ಲ, ಹಸು ಒದೆಯದೆ ಹಾಲು ಕೊಟ್ಟಿತ್ತು. ಆಗ ಫೋನು ಬಂತು. ರಾಮನಗರದ ಆಸ್ಪತ್ರೆಯಿಂದ ರತ್ನ.

ಅವಳ ಮಗಳು ಚಂದನ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಗಂಡನ ಮನೆ ಮಾಗಡಿ ಕಡೆ. ಮಗು ಗುಂಡುಗುಂಡಾಗಿತ್ತು, ತಾಯಿಗೆ ಮಾತ್ರ ಏನೋ ಆಗಿತ್ತು. ಮಗು ಅತ್ತರೆ ಎತ್ತಿಕೊಳ್ಳುವಳು, ಹಾಲು ಕೊಡುವಳು, ಆದರೆ ಮುಖ ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದಳು. ಆ ನೋಟವನ್ನು ನಾನು ಹಿಂದೊಮ್ಮೆ ಕಂಡಿದ್ದೆ.

"ಅಕ್ಕ, ಡಾಕ್ಟ್ರಮ್ಮ ಮಾತ್ರೆ ಬರ್ದವ್ರೆ. ಇವ್ಳು ಜಪ್ಪಯ್ಯ ಅಂದ್ರೂ ನುಂಗಲ್ಲ ಅಂತಾವ್ಳೆ."

"ಯಾಕಂತೆ?"

"ನಮ್ಮವ್ವನ ರಕ್ತದಲ್ಲಿ ಅದು ಜಾಸ್ತಿ ಇತ್ತು, ಅವ್ಳ ಮಗಳು ನಾನು, ನಂಗೂ ಜಾಸ್ತಿನೇ ಇರ್ತದೆ, ಮೇಲೆ ಮಾತ್ರೆ ಬೇರೆ ನುಂಗುದ್ರೆ ತಲೆ ಕೆಟ್ಟೋಯ್ತದೆ ಅಂತಾಳೆ. ಯಾರಕ್ಕ ಇವ್ಳ ತಲೆಗೆ ಇದ್ನ ತುಂಬುದ್ದು?"

ಕೈಯಲ್ಲಿದ್ದ ಕಾಳು ಹಿಸುಕದೆ ಹಾಗೇ ಉಳಿದಿತ್ತು. ತುಂಬಿದವಳು ನಾನೇ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ, ಇದೇ ಜಗಲಿಯ ಮೇಲೆ, ಅವಳಿಗೆ ಜಡೆ ಹಾಕುತ್ತಾ.

ಆ ವರ್ಷ ರತ್ನ ಸುಮ್ಮನಾಗಿದ್ದಳು. ಹೊಟ್ಟೆಯಲ್ಲಿದ್ದ ಎರಡನೇ ಕೂಸು ಐದನೇ ತಿಂಗಳಲ್ಲಿ ಹೋಗಿತ್ತು. ಅಳುವ ಹೊತ್ತಿನಲ್ಲಿ ನಾವೆಲ್ಲ ಜೊತೆಗಿದ್ದೆವು. ಅಳು ನಿಂತ ಮೇಲೆ, ಸರಿಹೋದಳು ಅಂದುಕೊಂಡೆವು. ಅವಳು ಹಾಸಿಗೆಯಿಂದ ಏಳಲಿಲ್ಲ. ತಲೆ ಬಾಚಲಿಲ್ಲ. ಹುಳಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ದಾಟಿ, ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದೆಂದು ತಿನ್ನುವ ಕಾಲ ಅದು. ಅವಳ ಪಾಲಿನ ಕೆಲಸವೂ ನನ್ನ ಮೇಲೆ ಬಿತ್ತು. ಕನಿಕರವಿತ್ತು ನನಗೆ, ಇಲ್ಲವೆನ್ನಲಾರೆ. ಆದರೆ ಸೊಪ್ಪಿನ ಹೊರೆ ಹೊತ್ತು ಅವಳ ಬಾಗಿಲ ಮುಂದೆ ಹಾದುಹೋಗುವಾಗ ಕನಿಕರದ ಅಡಿಯಲ್ಲಿ ಇನ್ನೊಂದಿತ್ತು — ಇವಳಿಗೇನು, ಮಲಗಿದ್ದಾಳೆ.

ಜೊತೆಗೆ ಅವಳಿಗೆ ಆಗಾಗ ಹೊಟ್ಟೆ ಕೆಡುತ್ತಿತ್ತು. ಇದ್ದಕ್ಕಿದ್ದಂತೆ ಮುಖ ಕೆಂಪಾಗಿ ಬಿಸಿಯಾಗುತ್ತಿತ್ತು. ಅದಕ್ಕೆಂದು ಪೇಟೆಗೆ ಕರೆದುಕೊಂಡು ಹೋದೆವು. ಡಾಕ್ಟರು ಎರಡು ಮಾತು ಹೇಳಿದರು. ಹೊಟ್ಟೆಗೂ ಮುಖ ಕೆಂಪಾಗುವುದಕ್ಕೂ ಕಾರಣ ಹುಡುಕಲು ಒಂದು ರಕ್ತಪರೀಕ್ಷೆ, ಅದರಲ್ಲಿ ಸೆರೊಟೋನಿನ್ ಎಂಬುದನ್ನು ಅಳೆಯುತ್ತಾರೆ. ಮನಸ್ಸಿಗೆ ಬೇರೆ ಮಾತ್ರೆ, ಅದನ್ನು ಪರೀಕ್ಷೆ ಮುಗಿದ ಮೇಲೆ ಶುರುಮಾಡಬೇಕು. ಎರಡೂ ಬೇರೆ ಬೇರೆ ವಿಷಯ. ನಾವು ಒಂದೇ ಎಂದುಕೊಂಡೆವು.

ರಕ್ತ ತೆಗೆಯುವ ಹುಡುಗಿ ನನ್ನನ್ನೇ ಕರೆದು ಹೇಳಿದಳು: ಮೂರು ದಿನ ಬಾಳೆಹಣ್ಣು, ಅನಾನಸ್, ಟೊಮೇಟೊ ಕೊಡಬೇಡಿ, ಆಮೇಲೆ ಕರೆದುಕೊಂಡು ಬನ್ನಿ. ನಾನು ಸಾರಿಗೆ ಟೊಮೇಟೊ ಬದಲು ಹುಣಸೆಹಣ್ಣು ಹಾಕಿದೆ. ಅಷ್ಟು ಜಾಗ್ರತೆಯವಳು ನಾನು!

ಆದರೆ ಅದೇ ವಾರ ನಾನು ಹರಕೆಯಲ್ಲಿದ್ದೆ. ರತ್ನ ಎದ್ದು ಓಡಾಡುವಂತಾಗಲಿ ಎಂದು ಊರ ಆಂಜನೇಯನ ಗುಡಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ದೀಪ ಹಚ್ಚಿ, ಬಾಳೆಹಣ್ಣು, ಬೆಲ್ಲ, ಕಾಯಿತುರಿ ಕಲಸಿ ನೈವೇದ್ಯ ಮಾಡಿ, ಅದನ್ನೇ ತಂದು ಅವಳ ಬಾಯಿಗೆ ಇಡುತ್ತಿದ್ದೆ. ಅವಳು ಬೇರೇನೂ ತಿನ್ನುತ್ತಿರಲಿಲ್ಲ. ಅದನ್ನು ಮಾತ್ರ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು. ನಮ್ಮ ಕಡೆ ಪ್ರಸಾದವನ್ನು ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ಒಪ್ಪೊತ್ತಿದ್ದರೂ ತಿನ್ನಬಹುದು, ಪಥ್ಯದಲ್ಲಿದ್ದರೂ ತಿನ್ನಬಹುದು. ಅದು ಹಣ್ಣಲ್ಲ, ದೇವರ ಕೈಯಿಂದ ಬಂದದ್ದು. ಮೂರು ದಿನವೂ ಕೊಟ್ಟೆ. ರಕ್ತ ಕೊಡುವ ದಿನ ಬೆಳಿಗ್ಗೆಯೂ ಕೊಟ್ಟೆ — ಅವತ್ತು ಸ್ವಲ್ಪ ಜಾಸ್ತಿಯೇ, ಪರೀಕ್ಷೆ ಒಳ್ಳೆಯದಾಗಲಿ ಎಂದು.

ರಿಪೋರ್ಟಿನಲ್ಲಿ ಅದು ಇರಬೇಕಾದ್ದಕ್ಕಿಂತ ಮೇಲಿತ್ತು. ಡಾಕ್ಟರು ಕನ್ನಡಕ ತೆಗೆದು ಕೇಳಿದರು: "ಬಾಳೆಹಣ್ಣು ಏನಾದರೂ ತಿಂದಿದ್ರಾ?"

ರತ್ನ ನೆಲ ನೋಡುತ್ತಾ ಇಲ್ಲವೆಂದು ತಲೆಯಾಡಿಸಿದಳು. ನನಗೆ ಆ ಗಳಿಗೆಯಲ್ಲಿ — ಆ ಒಂದೇ ಗಳಿಗೆಯಲ್ಲಿ — ಗುಡಿಯ ತಟ್ಟೆ ಕಣ್ಣ ಮುಂದೆ ಬಂತು. ಹಣ್ಣು ಹಣ್ಣಾಗಿಯೇ ಕಂಡಿತು. ಆದರೂ ನಾನು ಅಂದೆ: "ಇಲ್ಲ ಸ್ವಾಮಿ, ಒಂದು ಚೂರೂ ತಿಂದಿಲ್ಲ. ನಾನೇ ನೋಡ್ಕಂಡಿವ್ನಿ."

ಯಾಕೆ ಅಂದೆ? ದೇವರ ಪ್ರಸಾದವನ್ನು ಆಸ್ಪತ್ರೆಯಲ್ಲಿ ತಪ್ಪಿತಸ್ಥನಂತೆ ನಿಲ್ಲಿಸಬಾರದೆಂದು — ಹೀಗೆ ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಬೈಸಿಕೊಳ್ಳುವ ಹೆದರಿಕೆ. ಅಷ್ಟೇ. ದೇವರನ್ನು ಆ ಹೆದರಿಕೆಗೆ ಹೊದಿಕೆ ಮಾಡಿಕೊಂಡೆ.

ಡಾಕ್ಟರು ಗಂಟೇನಾದರೂ ಇರಬಹುದೇ ಎಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ರತ್ನ ಇನ್ನೊಂದು ದಿನ ಹೊಟ್ಟೆ ಹಸಿದು, ಹೆದರಿ ಕೂತಳು. ಏನೂ ಇರಲಿಲ್ಲ. ರಕ್ತವನ್ನು ಇನ್ನೊಮ್ಮೆ ನೋಡೋಣ, ಮಾತ್ರೆ ಶುರುಮಾಡುವ ಮುಂಚೆ ಬನ್ನಿ ಎಂದರು. ನಾವು ಮತ್ತೆ ಹೋಗಲೇ ಇಲ್ಲ. ಅವತ್ತೇ ಮಾತ್ರೆ ಕೊಳ್ಳುವಾಗ ಅಂಗಡಿಯವನನ್ನು ನಾನು ಕೇಳಿದೆ, ಇದು ಏನು ಮಾಡುತ್ತದೆ ಎಂದು. "ಸೆರೊಟೋನಿನ್ ಜಾಸ್ತಿ ಮಾಡುತ್ತೆ ಕಣಮ್ಮ, ಮನಸ್ಸಿಗೆ ಖುಷಿ ಬರಿಸೋದು" ಅಂದ.

ಮನೆಗೆ ಬಂದು ನಾನು ಎಲ್ಲರ ಮುಂದೆ ನ್ಯಾಯ ಹೇಳಿದೆ. ಹಿರಿಸೊಸೆಯ ಮಾತಿಗೆ ಮನೆಯಲ್ಲಿ ತೂಕವಿತ್ತು. ರಕ್ತದಲ್ಲಿ ಆಗಲೇ ಜಾಸ್ತಿ ಇದೆಯಂತೆ, ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಯಾಕೆ? ಅತ್ತೆ ಹೌದೆಂದರು. ಶಿವಣ್ಣ ಎದ್ದು ಹುಳದ ಮನೆಗೆ ಹೋದ. ಮಾತ್ರೆಯ ಹಾಳೆಯನ್ನು ನಾನೇ ಅಟ್ಟದ ಮೇಲಿಟ್ಟೆ. ಆಮೇಲೆ ರತ್ನಳ ಹಾಸಿಗೆಯ ಪಕ್ಕ ನಿಂತು ಅಂದೆ — ಈ ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ — "ನಿನ್ ರಕ್ತದಲ್ಲಿ ಸಂತೋಸ ತುಂಬಿ ತುಳುಕ್ತಾ ಐತಂತೆ ಕಣೆ ರತ್ನ. ಇನ್ನೇನ್ ಕಮ್ಮಿ ನಿಂಗೆ? ಏಳು, ಸೊಪ್ಪಾಕು."

ಅವಳು ಎದ್ದಳು. ಸೊಪ್ಪು ಹಾಕಿದಳು. ಇದ್ದ ಒಂದೆರಡು ಮಾತೂ ಆಮೇಲೆ ನಿಂತುಹೋಯಿತು. ಒಂದು ದಿನ ಅವಳ ಅಣ್ಣ ದೊಡ್ಡಆಲಹಳ್ಳಿಯಿಂದ ಬಂದು, ಅವಳ ಮುಖ ನೋಡಿ, ನಮ್ಮ ಮನೆಯ ನೀರೂ ಮುಟ್ಟದೆ ಅವಳನ್ನು ಕರೆದುಕೊಂಡು ಹೋದ. ಅವನು ಬೇರೆ ಕಡೆ ತೋರಿಸಿ, ಮಾತ್ರೆ ಕೊಡಿಸಿ, ನಿಧಾನಕ್ಕೆ ಅವಳನ್ನು ಮರಳಿ ಮನುಷ್ಯಳನ್ನಾಗಿ ಮಾಡಿದ. ಚಂದನ ನನ್ನ ಹತ್ತಿರ ಉಳಿದಳು. ಅವ್ವ ಯಾಕೆ ಹೋದಳು ಎಂದು ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದೆ: ನಿಮ್ಮವ್ವನಿಗೆ ರಕ್ತದಲ್ಲಿ ಅದೇನೋ ಜಾಸ್ತಿ ಆಗೈತೆ ಮಗ, ಇಳೀಲಿ, ಬತ್ತಾಳೆ. ರತ್ನ ಬರುವ ಹೊತ್ತಿಗೆ ಮಗಳು ತಾನೇ ಜಡೆ ಹಾಕಿಕೊಳ್ಳುವುದನ್ನು ಕಲಿತಿದ್ದಳು.

ಹಳೆಯದೆಲ್ಲ ಮುಗಿಯಿತು ಎಂದುಕೊಂಡಿದ್ದೆ. ಫೋನು ಬಂದ ಮಾರನೆಯ ದಿನ, "ಇವತ್ತು ಅವಳನ್ನ ನಾನು ಕರ್ಕಂಡೋಯ್ತೀನಿ, ನೀನು ಮಗು ನೋಡ್ಕೊ" ಎಂದು ರತ್ನಳಿಗೆ ಹೇಳಿ ಚಂದನಳ ಜೊತೆ ಬಸ್ಸು ಹತ್ತಿದೆ. ಕೂರಲು ಜಾಗ ಸಿಕ್ಕಿತು. ದಯೆಯ ಲೆಕ್ಕಕ್ಕೆ ಅದನ್ನು ಸೇರಿಸಲು ಯಾಕೋ ಮನಸ್ಸಾಗಲಿಲ್ಲ.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು, ಆತುರ ಇಲ್ಲದವರು. ಚಂದನಳನ್ನು ಕೂರಿಸಿಕೊಂಡು ನಾನೇ ಶುರುಮಾಡಿದೆ. ನನಗೆ ನಿಜವಾಗಿ ತಿಳಿಯಬೇಕಿತ್ತು. ಎಷ್ಟೋ ವರ್ಷ ಆ ಒಂದು ಪದವನ್ನು ಒಳಗೇ ಇಟ್ಟುಕೊಂಡು, ಅದು ಏನು, ಎಲ್ಲಿರುತ್ತದೆ ಎಂದು ಯಾರನ್ನೂ ಕೇಳದೆ ಬದುಕಿದ್ದೆ.

"ಡಾಕ್ಟ್ರೇ, ಈ ಸೆರೊಟೋನಿನ್ನು ರಕ್ತದಲ್ಲಿ ಜಾಸ್ತಿ ಇದ್ರೆ ಮನುಷ್ಯರು ಖುಷಿಯಾಗಿರ್ತಾರಾ?"

"ಇಲ್ಲಮ್ಮ. ರಕ್ತದಲ್ಲಿರೋದಕ್ಕೂ ಮನಸ್ಸಿಗೂ ಹಾಗೆ ಲೆಕ್ಕ ಹಾಕೋಕಾಗಲ್ಲ."

"ಅದೆಂಗೆ? ಒಂದೇ ರಕ್ತ ತಾನೆ ತಲೆಗೂ ಹೋಗೋದು?"

ಅವರು ಪೆನ್ನು ಕೆಳಗಿಟ್ಟರು. ಅದರಲ್ಲಿ ಬಹುಪಾಲು ಹುಟ್ಟುವುದು ತಲೆಯಲ್ಲಲ್ಲ, ಕರುಳಲ್ಲಿ ಅಂದರು. ಅಲ್ಲಿಂದ ರಕ್ತಕ್ಕೆ ಬರುತ್ತದೆ. ರಕ್ತದಲ್ಲಿ ಅದನ್ನು ಹೊತ್ತು ತಿರುಗುವುದು ಪ್ಲೇಟ್‌ಲೆಟ್ಟು — ಡೆಂಗಿ ಬಂದಾಗ ಕಮ್ಮಿಯಾಯಿತು, ಕಮ್ಮಿಯಾಯಿತು ಎಂದು ಎಲ್ಲರೂ ಹೆದರುತ್ತಾರಲ್ಲ, ಅದೇ. ಪರೀಕ್ಷೆಯಲ್ಲಿ ಅಳೆಯುವುದು ಹೆಚ್ಚಾಗಿ ಅವುಗಳ ಹೊಟ್ಟೆಯೊಳಗಿರುವುದನ್ನು. ರಕ್ತ ತಲೆಗೆ ಹೋಗುತ್ತದೆ, ನಿಜ. ಆದರೆ ಮಿದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ಕಾವಲಿದೆ. ರಕ್ತದಲ್ಲಿರುವ ಸೆರೊಟೋನಿನ್ನಿಗೆ ಅಲ್ಲಿ ಪ್ರವೇಶವಿಲ್ಲ.

"ಮತ್ತೆ ತಲೆಯೊಳಗೆ ಎಲ್ಲಿಂದ ಬಂತು?"

"ಅಲ್ಲೇ ತಯಾರಾಗುತ್ತೆ. ಬೇಳೆ, ಹಾಲು, ಮೊಟ್ಟೆ ತಿಂತೀವಲ್ಲ, ಅದರಿಂದ ಬರೋ ಕಚ್ಚಾ ಸಾಮಾನು ಗೋಡೆ ದಾಟಿ ಒಳಗೆ ಹೋಗುತ್ತೆ. ಮಿದುಳು ತನಗೆ ಬೇಕಾದ್ದನ್ನ ತಾನೇ ಮಾಡ್ಕೊಳುತ್ತೆ."

ನನಗೆ ನಮ್ಮ ಹುಳದ ಮನೆ ನೆನಪಾಯಿತು. ಅಲ್ಲಿಗೂ ಕಂಡಕಂಡವರು ನುಗ್ಗುವಂತಿಲ್ಲ. ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಹೊರಗಿನ ರೇಷ್ಮೆಗೂಡನ್ನು, ಎಷ್ಟೇ ಹೊಳೆಯುವ ಗೂಡಾಗಲಿ, ರೋಗ ಬರುತ್ತದೆಂದು ಒಳಗೆ ತರುವುದಿಲ್ಲ. ಸೊಪ್ಪು ಮಾತ್ರ ಒಳಗೆ ಹೋಗುತ್ತದೆ. ರೇಷ್ಮೆ ಒಳಗೇ ಆಗಬೇಕು. ಅಂಗಳದಲ್ಲಿ ಗೂಡಿನ ರಾಶಿ ನೋಡಿ, ಒಳಗಿನ ಹುಳ ಚೆನ್ನಾಗಿದೆ ಅಂದರೆ?

ಅದನ್ನೇ ಹೇಳಿದೆ. ಡಾಕ್ಟ್ರಮ್ಮ ನಕ್ಕರು. "ಹೆಚ್ಚುಕಮ್ಮಿ ಹಾಗೇ. ಆದರೆ ಸೊಪ್ಪು ಜಾಸ್ತಿ ಹಾಕಿದ್ರೆ ಮನಸ್ಸು ಸರಿಹೋಗುತ್ತೆ ಅಂತಾನೂ ತಿಳ್ಕೋಬೇಡಿ. ಮನಸ್ಸು ಕುಗ್ಗೋದು ಇದೊಂದರಿಂದ ಅಲ್ಲ. ನಮಗೂ ಪೂರ್ತಿ ತಿಳಿದಿಲ್ಲ. ಈ ಮಾತ್ರೆ ಗೋಡೆ ದಾಟಿ ಒಳಗೆ ಹೋಗುತ್ತೆ, ಒಳಗಿರೋದು ಬೇಗ ವಾಪಸ್ ಹೋಗದೆ ಒಂದಷ್ಟು ಹೊತ್ತು ಕೆಲಸ ಮಾಡೋ ಹಾಗೆ ನೋಡ್ಕೊಳುತ್ತೆ. ಬಹಳ ಜನಕ್ಕೆ ಅನುಕೂಲ ಆಗಿದೆ. ಹಾಲು ಕುಡಿಸೋ ತಾಯಿ ಅಂತ ನೋಡಿಯೇ ಇದನ್ನ ಬರೆದಿರೋದು."

"ಬಾಳೆಹಣ್ಣು?" ಅಂದೆ.

"ಅದರಲ್ಲೂ ಸೆರೊಟೋನಿನ್ ಇರುತ್ತೆ. ಅದೂ ಮಿದುಳಿಗೆ ಹೋಗಲ್ಲ. ಪರೀಕ್ಷೆ ಲೆಕ್ಕ ಮಾತ್ರ ಕೆಡಿಸಬಹುದು, ಅದಕ್ಕೇ ಮುಂಚೆ ತಿನ್ನಬೇಡಿ ಅನ್ನೋದು."

ಆಗ ಹೇಳಿಬಿಟ್ಟೆ. ಹರಕೆ, ತಟ್ಟೆ, ಮೂರು ದಿನ, ಡಾಕ್ಟರ ಪ್ರಶ್ನೆ, ನನ್ನ ಉತ್ತರ, ಎಲ್ಲ. ಚಂದನಳ ಕಡೆ ತಿರುಗಿ ಅಂದೆ, "ನಿಮ್ಮವ್ವನ ರಕ್ತದಲ್ಲಿ ಜಾಸ್ತಿ ಇತ್ತು ಅಂತ ನಿಂಗೆ ಯೋಳುದ್ನಲ್ಲ ಮಗ, ಅದು ನಾನು ತಿನ್ಸಿದ ಹಣ್ಣಿರಬೈದು. ಇಲ್ದೆನೂ ಇರಬೈದು. ಹೆಂಗಿದ್ರೂ ಅದು ನಿಮ್ಮವ್ವನ ಮನಸಲ್ಲ. ನಿಂದಂತೂ ಮೊದ್ಲೇ ಅಲ್ಲ."

ಚಂದನ ನನ್ನನ್ನು ನೋಡಿದಳು. ಬಹಳ ದಿನದ ಮೇಲೆ ಅವಳು ಗೋಡೆ ಬಿಟ್ಟು ಒಬ್ಬರ ಮುಖ ನೋಡಿದ್ದು. ಆ ನೋಟದಲ್ಲಿ ಪ್ರೀತಿ ಇರಲಿಲ್ಲ.

"ನಾನೂ ಅವ್ವನಂಗೇ ಆಯ್ತೀನಾ ಅಂತ ಹೆದ್ರುಕೊಂಡು ಬೆಳ್ದೆ ದೊಡ್ಡವ್ವ" ಅಂದಳು. ಅಷ್ಟೇ ಅಂದಳು.

ಏಳುವಾಗ ನನಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. "ಡಾಕ್ಟ್ರೇ, ರಕ್ತ ನೋಡುದ್ರೆ ತಿಳಿಯಲ್ಲ ಅಂತೀರಿ. ಹಂಗಾದ್ರೆ ತಲೆಯೊಳಗೆ ಎಷ್ಟೈತೆ ಅಂತ ಹೆಂಗೆ ಅಳೀತೀರಿ?"

"ಅಳೆಯಲ್ಲಮ್ಮ" ಅಂದರು. "ಕೇಳ್ತೀವಿ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮಗು ನೋಡಿದ್ರೆ ಏನನ್ನಿಸುತ್ತೆ ಅಂತ. ಕೇಳಿ, ಅವರು ಹೇಳೋವರೆಗೂ ಕಾಯ್ತೀವಿ."

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಇಡ್ಲಿ ತಿಂದೆವು. ಬಸ್ಸು ಊರ ದಾರಿ ಹಿಡಿದ ಮೇಲೆ ಚಂದನ ಕೈಚೀಲ ತೆಗೆದು, ಹಾಳೆಯಿಂದ ಒಂದು ಮಾತ್ರೆ ಬಿಡಿಸಿ, ನನ್ನ ಕಡೆ ನೋಡದೆಯೇ ನೀರಿನ ಬಾಟಲಿಗೆ ಕೈ ಚಾಚಿದಳು. ಕೊಟ್ಟೆ. ನುಂಗಿದಳು. ಅದೊಂದನ್ನು ದಯೆಯ ಲೆಕ್ಕಕ್ಕೆ ಹಾಕಿಕೊಂಡೆ — ನನ್ನ ಹೆಸರಿನಲ್ಲಲ್ಲ, ಅವಳ ಹೆಸರಿನಲ್ಲಿ.

ರತ್ನ ಅಂಗಳದಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಚಂದನ ಒಳಗೆ ಹೋಗಿ ಮಲಗಿದಳು. ನಾನು ರತ್ನಳ ಎದುರು ಕೂತೆ. ಆಸ್ಪತ್ರೆಯಲ್ಲಿ ಸರಾಗವಾಗಿ ಬಂದ ಮಾತು ಇಲ್ಲಿ ಬರಲೊಲ್ಲದು. ಕೊನೆಗೆ ಹಣ್ಣಿನ ವಿಷಯ ಹೇಳಿದೆ. ಡಾಕ್ಟರಿಗೆ ಇಲ್ಲವೆಂದದ್ದನ್ನು ಹೇಳಿದೆ. ಅವಳು ಮಗುವಿನ ತೊಡೆ ನೀವುತ್ತಲೇ ಇದ್ದಳು.

"ಹಣ್ಣು ಬುಡಕ್ಕ" ಅಂದಳು. "ತಿಂದೋಳು ನಾನೇ ತಾನೆ? ಡಾಕ್ಟ್ರು ಕೇಳ್ದಾಗ ನಾನೂ ತಲೆ ಆಡ್ಸುದ್ನಲ್ಲ. ಪ್ರಸಾದ ಅಂದ್ರೆ ಹಣ್ಣು ಅಂತ ನಂಗೂ ಹೊಳೀನಿಲ್ಲ."

ಎದೆಯಿಂದ ಏನೋ ಇಳಿಯಿತು ಅಂದುಕೊಂಡೆ. ಇಳಿಯುವ ಮೊದಲೇ ಅವಳು ಮುಂದುವರಿಸಿದಳು.

"ರಕ್ತದಲ್ಲಿ ಸಂತೋಸ ತುಳುಕ್ತಾ ಐತೆ ಅಂದ್ಯಲ್ಲ, ಅದ್ನ ನಾನು ನಂಬ್ದೆ ಕಣಕ್ಕ. ಇಷ್ಟೆಲ್ಲ ದೇವ್ರು ಒಳ್ಗೆ ಮಡಗವ್ನೆ, ಆದ್ರೂ ನಂಗೆ ಮಗಳ ಮುಖ ನೋಡುದ್ರೂ ಏನೂ ಅನ್ನುಸ್ತಿಲ್ವಲ್ಲ, ಹಂಗಾದ್ರೆ ನಾನೇ ಕೆಟ್ಟೋಳು ಅನ್ಕಂಡೆ. ಬೋ ದಿನ ಅನ್ಕಂಡೆ. ಮಾತ್ರೆ ತಕಂಡು ವಾಸಿಯಾದ್ಮೇಲೂ ಒಸಿ ದಿನ ಅನ್ಕಂಡೆ."

ನಾನು ಹಣ್ಣನ್ನೇ ಹಿಡಿದು ಕೂತಿದ್ದೆ ಇಷ್ಟು ವರ್ಷ. ಸುಳ್ಳೆಂದರೆ ಡಾಕ್ಟರಿಗೆ ಹೇಳಿದ್ದು ಎಂದೇ ತಿಳಿದಿದ್ದೆ. ಹಾಸಿಗೆಯ ಪಕ್ಕ ನಿಂತು ಅಂದ ಮಾತು ನನಗೆ ನೆನಪಿತ್ತು, ಆದರೆ ಅದನ್ನು ಒರಟು ಮಾತು ಎಂಬ ಲೆಕ್ಕಕ್ಕೆ ಹಾಕಿದ್ದೆ — ಮನೆಯೆಂದ ಮೇಲೆ ಬರುವ ಮಾತು. ಅವಳು ಅದನ್ನು ತನ್ನ ಮೇಲೆ ಬಂದ ತೀರ್ಪು ಎಂದು ಇಟ್ಟುಕೊಂಡಿದ್ದಳು. ಅವಳಿಗೆ ಹೇಗಿದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಪರೀಕ್ಷೆಗೆಂದು ರಕ್ತವನ್ನು ಬೆಂಗಳೂರಿನವರೆಗೆ ಕಳಿಸಿದೆವು. ಗೋಡೆಯಾಚೆ ಮಲಗಿದ್ದವಳನ್ನು ಕೇಳಲಿಲ್ಲ.

ಕ್ಷಮಿಸು ಅನ್ನಲು ಬಾಯಿ ತೆರೆದೆ. ಅದನ್ನು ಅಂದರೆ ಅವಳು "ಆಗ್ಲಿ ಬುಡು" ಅನ್ನಲೇಬೇಕಾಗುತ್ತದೆ. ನಮ್ಮಲ್ಲಿ ಹಿರಿಯರು ಕೇಳಿದರೆ ಚಿಕ್ಕವರು ಹಾಗೆ ಅನ್ನಲೇಬೇಕು. ಆ ಬಲವಂತವನ್ನೂ ಅವಳ ಮೇಲೆ ಹೇರಲು ಮನಸ್ಸು ಬರಲಿಲ್ಲ. ಬದಲಿಗೆ ಕೇಳಿದೆ, "ಈಗ ಹೆಂಗಿದ್ದೀಯ ರತ್ನ?"

ಅವಳ ಕೈ ನಿಂತಿತು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ತುಟಿಯ ತುದಿಯಲ್ಲಿ ಸಣ್ಣ ನಗು ಬಂದು ಹೋಯಿತು. ವ್ಯಂಗ್ಯವಿದ್ದರೂ ಇರಬಹುದು.

"ಈಗ ಕೇಳ್ತೀಯ! ಯೋಳಕ್ಕೆ ಬೋ ಹೊತ್ತಾಯ್ತದೆ ಕಣಕ್ಕ. ಮಗ ನೀರಿಗೆ ಕಾಯ್ತಾ ಅದೆ, ಅಲ್ಲಿ ಹುಳ ಹಸ್ಕಂಡವೆ. ಹೋಗು. ನಾಳೀಕೆ ಕೇಳು."

ಎದ್ದೆ. ನಾಳೆ ಕೇಳುತ್ತೇನೆ. ಅವಳು ಹೇಳದಿದ್ದರೆ ನಾಡಿದ್ದು ಕೇಳುತ್ತೇನೆ, ಕೇಳಿ ಕಾಯುತ್ತೇನೆ ಅಂದುಕೊಂಡೆ. ಹಿತ್ತಲಲ್ಲಿ ಒದ್ದೆ ಗೋಣಿಯ ಕೆಳಗೆ ಬೆಳಗಿನ ಸೊಪ್ಪು ಇನ್ನೂ ತಂಪಾಗಿತ್ತು. ಕಂಕುಳಿಗೆ ಒಂದು ಹೊರೆ ಎತ್ತಿಕೊಂಡು, ಬಾಗಿಲ ಬಳಿಯ ಬ್ಲೀಚಿಂಗ್ ನೀರಿನಲ್ಲಿ ಎರಡೂ ಪಾದ ಅದ್ದಿ, ಸೊಪ್ಪು ಹಾಕಲು ಒಳಗೆ ಹೋದೆ.